ಈ ಅಭ್ಯರ್ಥಿ ನಿಮಗೆ ಹೇಗೆ ಗೊತ್ತು?

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಸಂದೇಶ ಬಂತು. 'ನಮಸ್ಕಾರ ಸರ್, ನಾನೂ ಸಿಂಧನೂರು ಕಡೆಯವನು. ನಿಮ್ಮ ಕಂಪನಿಯಾಗ ಟೆಸ್ಟಿಂಗ್ ಜಾಗ ಖಾಲಿ ಐತಂತ, ಲಿಂಕ್ ಕಳಿಸೀನಿ. ಒಂದು ರೆಫರಲ್ ಹಾಕ್ರಿ ಸರ್.' ಹುಡುಗ ಅಮೀರ್‌ಪೇಟೆಯ ಪಿಜಿಯಲ್ಲಿದ್ದಾನೆ, ಕೋರ್ಸ್ ಮುಗಿಸಿ ಏಳು ತಿಂಗಳಾಗಿದೆ. ಮೈತ್ರಿವನಂ ಸುತ್ತಮುತ್ತಲ ಗೋಡೆಗಳ ತುಂಬ ನೇತಾಡುವ ಕೋಚಿಂಗ್ ಬೋರ್ಡುಗಳನ್ನು ಕಂಡವರಿಗೆ ಆ ಏಳು ತಿಂಗಳು ಹೇಗಿದ್ದಾವೆಂದು ನಾನು ಹೇಳಬೇಕಿಲ್ಲ.

ಎರಡು ನಿಮಿಷದ ಕೆಲಸ ಎಂದುಕೊಂಡು ಕಂಪನಿಯ ಫಾರಂ ತೆರೆದೆ. ಹೆಸರು, ಇಮೇಲ್ ತುಂಬಿದೆ, ರೆಸ್ಯೂಮೆ ಲಗತ್ತಿಸಿದೆ. ಮುಂದಿನ ಪ್ರಶ್ನೆ: ಈ ಅಭ್ಯರ್ಥಿ ನಿಮಗೆ ಹೇಗೆ ಗೊತ್ತು? ಜೊತೆಗೆ ಕೆಲಸ ಮಾಡಿದ್ದೇನೆ, ಜೊತೆಗೆ ಓದಿದ್ದೇನೆ, ವೈಯಕ್ತಿಕವಾಗಿ ಬಲ್ಲೆ, ಇತರೆ. ಮರುದಿನ ಪಕ್ಕದ ಸೀಟಿನ ತೆಲುಗು ಗೆಳೆಯನನ್ನು ಕೇಳಿದರೆ, 'ವೈಯಕ್ತಿಕವಾಗಿ ಬಲ್ಲೆ ಅಂತ ಒತ್ತು, ಅಂದರೂ ಚೇಸ್ತಾರು' ಎಂದ. ಎಲ್ಲರೂ ಮಾಡ್ತಾರೆ. ಹುಡುಗ ಸೇರಿದರೆ ನನಗೆ ಒಂದಿಷ್ಟು ದುಡ್ಡೂ ಸಿಗುತ್ತದೆ. ಅದನ್ನು ನೆನಪಿಸಿದ್ದೂ ಅವನೇ.

ನಮ್ಮಪ್ಪನ ಕಾಲದಲ್ಲಿ ಇದಕ್ಕೆ ವಶೀಲಿ ಎಂಬ ಹೆಸರಿತ್ತು. ಮಾಡಿಸಿಕೊಂಡವರೂ ದನಿ ತಗ್ಗಿಸಿ ಹೇಳುತ್ತಿದ್ದರು. ಈಗ ಅದೇ ನೆಟ್‌ವರ್ಕಿಂಗ್ ಆಗಿ, ಹೇಳಿಕೊಡುವ ವಿದ್ಯೆಯಾಗಿದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಬ್ಬನ ಕೆಲಸ ಕಂಡಿದ್ದು, 'ಇವನು ಚೆನ್ನಾಗಿ ಮಾಡ್ತಾನೆ' ಎಂದರೆ ಅದು ಕಂಪನಿಗೂ ಬೇಕಾದ ಮಾಹಿತಿ. ಕಾಣದೆ ಹೇಳಿದರೆ?

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 'ಸಡಿಲ ನಂಟುಗಳ ಬಲ'ದ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಬಾಸ್ಟನ್ ಬಳಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಆತ ವಿಚಾರಿಸಿದ. ಅವರಲ್ಲಿ ಆ ಪರಿಚಯದವರನ್ನು ಪದೇಪದೇ ಕಾಣುತ್ತಿದ್ದವರು ಶೇಕಡಾ 16.7 ಮಾತ್ರ. ಶೇಕಡಾ 55.6 ಮಂದಿ ಅಪರೂಪಕ್ಕೊಮ್ಮೆ, ಶೇಕಡಾ 27.8 ಮಂದಿ ತೀರಾ ವಿರಳವಾಗಿ ಕಾಣುತ್ತಿದ್ದರು. ಅವನ ವಿವರಣೆ ಸರಳ: ಹತ್ತಿರದ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದವನಿಂದ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗದ ವರದಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೂ ಹೆಚ್ಚುಕಡಿಮೆ ಇದನ್ನೇ ಹೇಳಿತು, ನಂಟು ತೀರಾ ಸಡಿಲವಾದರೆ ಉಪಯೋಗವೂ ಇಳಿಯುತ್ತದೆ ಎಂಬ ತಿದ್ದುಪಡಿಯೊಂದಿಗೆ.

ಆದರೆ ಗ್ರಾನೊವೆಟರ್‌ನ ದೂರದ ಪರಿಚಯಸ್ಥ ಹೊತ್ತು ತರುತ್ತಿದ್ದದ್ದು ಸುದ್ದಿ. ಇಂದು ಸುದ್ದಿಗೆ ಬರವಿಲ್ಲ. ನೌಕ್ರಿ ಡಾಟ್ ಕಾಮ್‌ನ ಅಲರ್ಟ್ ನನಗೂ ಸಿಂಧನೂರಿನ ಹುಡುಗನಿಗೂ ಒಂದೇ ಗಳಿಗೆಯಲ್ಲಿ ಬರುತ್ತದೆ. ಅವನಿಗೆ ಸಿಗದಿರುವುದು, ಅರ್ಜಿಗಳ ರಾಶಿಯಿಂದ ತನ್ನದನ್ನು ಎತ್ತಿ ನೋಡುವ ಒಂದು ಕೈ. ಹಾಗಾಗಿ ಅವನು ನನ್ನಿಂದ ಸುದ್ದಿ ಕೇಳುತ್ತಿಲ್ಲ, ಸಾಕ್ಷಿ ಕೇಳುತ್ತಿದ್ದಾನೆ. ದೂರದವನು ಸುದ್ದಿ ಕೊಡಬಲ್ಲ. ಸಾಕ್ಷಿಗೆ ಹತ್ತಿರ ನಿಂತು ನೋಡಿರಬೇಕು.

ಊರಿನ ನಂಟು ಸಾಲದೇ? ಅವನ ಸಂದೇಶ ಓದಿದಾಗ ನನ್ನ ಮನಸ್ಸು ಕರಗಿದ್ದು ಸಿಂಧನೂರಿನ ಹೆಸರಿಗೇ. ಆದರೆ ಈ ಊರಿನಲ್ಲಿ ಆ ತರ್ಕಕ್ಕೆ ಹಳೆಯ ಕಥೆಯಿದೆ. 1919ರ ನಿಜಾಮರ ಫರ್ಮಾನು ಸರ್ಕಾರಿ ನೌಕರಿಗಳನ್ನು 'ಮುಲ್ಕಿ'ಗಳಿಗೆ ಮೀಸಲಿಟ್ಟಿತ್ತು. ಹೊರಗಿನವನು ಮುಲ್ಕಿ ಎನಿಸಿಕೊಳ್ಳಲು 15 ವರ್ಷ ಇಲ್ಲಿ ನೆಲೆಸಿರಬೇಕಿತ್ತು. ಹೊರಗಿನವರು ಕೆಲಸ ಕಬಳಿಸುತ್ತಿದ್ದಾರೆಂದು 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂದು ಕೂಗಿದರಂತೆ. ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ನಮ್ಮಜ್ಜಂದಿರು ಆಗ ಇಲ್ಲಿ ಒಳಗಿನವರು. ಗಡಿ ಸರಿಯಿತು, ಮೊಮ್ಮಕ್ಕಳು ಹೊರಗಿನವರಾದೆವು. ಆ ವಿದ್ಯಾರ್ಥಿಗಳ ನೋವು ಸುಳ್ಳಲ್ಲ. ಆದರೂ 'ನಮ್ಮ ಕಡೆಯವನು' ಎಂಬ ಮಾತು ಅವನು ಯಾವ ಬಸ್ಸು ಹತ್ತಿ ಬಂದ ಎಂದಷ್ಟೇ ತಿಳಿಸುತ್ತದೆ.

ಇಷ್ಟು ಶುದ್ಧವಾಗಿ ಯೋಚಿಸುವ ಹಕ್ಕು ನನಗಿದೆಯೇ ಎಂಬುದು ಬೇರೆ ಮಾತು. ಹನ್ನೊಂದು ವರ್ಷದ ಹಿಂದೆ ಇಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಕಾಚಿಗುಡದಲ್ಲಿ ಪರಿಚಯವಾದ ಹಿರಿಯರೊಬ್ಬರಿಂದ. ಎರಡು ಸಲ ಇರಾನಿ ಚಹಾ ಕುಡಿದಿದ್ದೆವು, ಅಷ್ಟೇ. ಅವರು 'ಎರಡು ವರ್ಷದಿಂದ ಬಲ್ಲೆ' ಎಂದು ಬರೆದಿದ್ದರು. 'ವರ್ಷಕ್ಕೊಂದು ಚಹಾ ಅಂತ ಲೆಕ್ಕ ಹಾಕಿದೆನಪ್ಪ' ಎಂದು ಆಮೇಲೆ ನಕ್ಕರು. ನನ್ನ ಮನೆಯ ಅಕ್ಕಿ, ತಂಗಿಯ ಓದು, ಎಲ್ಲ ಆ ಲೆಕ್ಕದಿಂದ ಬಂದದ್ದು. ಹಾಗೆಯೇ, ಆ ಸುಳ್ಳಿನಿಂದ ಹಿಂದೆ ಸರಿದ ಇನ್ನೊಂದು ರೆಸ್ಯೂಮೆ ಯಾರದೋ ಇದ್ದಿರಬೇಕು. ಅವನ ಮುಖ ನಾನು ನೋಡಿಲ್ಲ. ಇದರಲ್ಲಿ ತೊಡಕು ಅದೇ. ಉಪಕಾರ ಪಡೆದವನು ಎದುರಿಗೆ ನಿಂತು ಕೈ ಮುಗಿಯುತ್ತಾನೆ, ಕಳೆದುಕೊಂಡವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಇನ್ನು ನಾನೊಬ್ಬ ಟಿಕ್ ಒತ್ತದೆ ಕೂತರೆ ಉಳಿದವರ ಟಿಕ್‌ಗಳು ನಿಲ್ಲುತ್ತವೆಯೇ? ಗಚ್ಚಿಬೌಲಿಯಲ್ಲಿ ಚಿಕ್ಕಪ್ಪ ಇರುವವನು ಒಳಗೆ ಹೋಗುತ್ತಾನೆ, ಸಿಂಧನೂರಿನವನು ಪಿಜಿಯಲ್ಲೇ ಇರುತ್ತಾನೆ.

ಕೊನೆಗೆ ಹುಡುಗನಿಗೆ ಬರೆದೆ: 'ಶನಿವಾರ ಬಾರಪ್ಪ. ನೀನು ಮಾಡಿದ ಕೆಲಸ ಏನಿದ್ದರೂ ತೋರಿಸು.' ಮೆಟ್ರೊ ಹಿಡಿದು ರಾಯದುರ್ಗಂಗೆ ಬಂದ. ಊಟ ತರಿಸುವ ಆ್ಯಪ್ ಒಂದಕ್ಕೆ ತಾನಾಗಿಯೇ ಬರೆದ ಟೆಸ್ಟ್ ಕೇಸುಗಳನ್ನು ತೋರಿಸಿದ. ನೆಟ್‌ವರ್ಕ್ ಹೋಗಿ ಬಂದಾಗ ಹಣ ಎರಡು ಸಲ ಕಡಿತವಾದರೆ ಏನಾಗಬೇಕು ಎಂಬುದನ್ನು ಬಹಳ ಅಚ್ಚುಕಟ್ಟಾಗಿ ಯೋಚಿಸಿದ್ದ. ಆದರೆ ರೆಸ್ಯೂಮೆಯಲ್ಲಿ ನಾನು ಹೆಸರೇ ಕೇಳಿರದ ಕಂಪನಿಯೊಂದರ ಎರಡು ವರ್ಷದ ಅನುಭವವಿತ್ತು. ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, 'ಕೋಚಿಂಗಿನವರೇ ಹಾಕಿಸಿದ್ರು ಸರ್. ಹಾಕಲಿಲ್ಲಂದ್ರ ಯಾರೂ ತೆಗೆದೂ ನೋಡಂಗಿಲ್ಲ' ಎಂದ. ಬೈಯಲು ಬಾಯಿ ಬರಲಿಲ್ಲ. ನಾನು ಒತ್ತಲು ಹೊರಟಿದ್ದ ಟಿಕ್‌ಗೂ ಅದೇ ಕಾರಣವಿತ್ತು.

ಅಲ್ಲೇ ಕೂತು ಆ ಎರಡು ವರ್ಷ ಅಳಿಸಿದ. ಅಳಿಸಿದ ಮೇಲೆ ರೆಸ್ಯೂಮೆ ಅರ್ಧ ಪುಟಕ್ಕಿಳಿಯಿತು. ಆ ಜಾಗದಲ್ಲಿ ಟೆಸ್ಟ್ ಕೇಸುಗಳ ಲಿಂಕ್ ಹಾಕಿದೆವು. ಫಾರಂನಲ್ಲಿ 'ಇತರೆ' ಒತ್ತಿ ಬರೆದೆ: 'ಒಮ್ಮೆ ಭೇಟಿಯಾಗಿದ್ದೇನೆ. ಒಂದೂವರೆ ಗಂಟೆ ಅವರ ಕೆಲಸ ನೋಡಿದ್ದೇನೆ. ಅನುಭವವಿಲ್ಲ, ಯೋಚನೆ ಚೆನ್ನಾಗಿದೆ.'

ಮೂರು ವಾರವಾಯಿತು, 'ಪರಿಶೀಲನೆಯಲ್ಲಿದೆ' ಎಂದೇ ತೋರಿಸುತ್ತಿದೆ. ಎರಡು ವರ್ಷದ ಸುಳ್ಳು ಹಾಗೇ ಇದ್ದಿದ್ದರೆ ಇಷ್ಟರಲ್ಲಿ ಕರೆ ಬರುತ್ತಿತ್ತೇನೋ. ಹುಡುಗ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಲಿಂಕ್ಡ್‌ಇನ್‌ನಲ್ಲಿ ಇನ್ನೂ ಒಂಬತ್ತು ಜನರ ಸಂದೇಶ ಉಳಿದಿವೆ. ಅಷ್ಟು ಶನಿವಾರಗಳು ನನ್ನಲ್ಲಿಲ್ಲ. ಯಾವ ಜಾಗ ನಿಜಕ್ಕೂ ಖಾಲಿ ಇದೆ, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ ಎಂದು ಒಂಬತ್ತೂ ಜನರಿಗೆ ಬರೆದಿದ್ದೇನೆ. ಅವರಲ್ಲಿ ಇಬ್ಬರು ಮತ್ತೆ ಕೇಳಿದ್ದಾರೆ, 'ಅದೆಲ್ಲ ಸರಿ ಸರ್, ರೆಫರಲ್?'