ಕೂಲಿಯ ಬಾಕಿಗೆ ಯಾವ ನ್ಯಾಯಾಲಯ?



ಮಂಗಳೂರಿನ ನಮ್ಮ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಸಾವಿರ ಬೀಡಿಗೆ ಇಷ್ಟು ಕೂಲಿ, ಇಷ್ಟು ತುಟ್ಟಿಭತ್ಯೆ ಎಂದು ಕಾರ್ಮಿಕ ಸಂಘವೂ ಮಾಲಕರೂ ಒಪ್ಪಂದಕ್ಕೆ ಸಹಿ ಹಾಕಿದರೆಂದು ಭಾವಿಸಿರಿ. ತಿಂಗಳುಗಳು ಕಳೆದರೂ ಒಪ್ಪಿದ ಹಣ ಬಾರದಿದ್ದರೆ ಆ ತಾಯಿ ಯಾರ ಬಾಗಿಲು ತಟ್ಟಬೇಕು?

ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಒಳಗೊಂಡ 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತಿತರ ಮಾಲಕರು ಪ್ರಶ್ನಿಸಿದ್ದರು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಎಲೆ ಕೊಡುವುದು, ಬೀಡಿ ತಿರಸ್ಕರಿಸುವುದು, ಅದರ ಕೂಲಿ, ಈ ತಕರಾರುಗಳನ್ನು ಸರಕಾರ ಗೊತ್ತುಪಡಿಸಿದ ಅಧಿಕಾರಿ ತೀರ್ಮಾನಿಸಬೇಕೆಂದು ಆ ಕಾಯ್ದೆ ಹೇಳಿತ್ತು. ಸಾಮೂಹಿಕ ಒಪ್ಪಂದದಿಂದ ಬರಬೇಕಾದ ಹಣದ ಲೆಕ್ಕ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಕಾರ್ಮಿಕ ನ್ಯಾಯಾಲಯದ ಪಾಲಿಗಿತ್ತು. ಆ ಕಾಯ್ದೆಯಿಂದಲೇ ಹುಟ್ಟಿದ ಹಕ್ಕಿಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದು 1975ರಲ್ಲಿ ತೀರ್ಪಾಯಿತು. ಮಾಲಕನು ಹಕ್ಕನ್ನೇ ಅಲ್ಲಗಳೆದರೆ ಆ ಮೂಲವಿವಾದವು ಬರೀ ಲೆಕ್ಕದ ಅರ್ಜಿಯಲ್ಲಿ ತೀರುವುದಿಲ್ಲ, ಅದಕ್ಕೆ ಬೇರೆ ದಾರಿ ಹಿಡಿಯಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಆದರೂ ‘ಯಾರು ಕೇಳಬೇಕು?’ ಎಂಬ ಪ್ರಶ್ನೆ ಮುಗಿದಿಲ್ಲ.

ವ್ಯಾಪ್ತಿಯ ಪ್ರಶ್ನೆ ಎತ್ತುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕಾಝಿಯ ಅಧಿಕಾರವು ಒಂದು ಊರಿಗೋ ಒಂದು ಬಗೆಯ ವ್ಯಾಜ್ಯಕ್ಕೋ ಸೀಮಿತವಾಗಿರಬಹುದೆಂದು ಹಿಜರಿ 450ರಲ್ಲಿ ನಿಧನರಾದ ಇಮಾಮ್ ಮಾವರ್ದಿಯವರು ವಿವರಿಸಿದ್ದಾರೆ. ತನಗಿಲ್ಲದ ಅಧಿಕಾರವನ್ನು ಚಲಾಯಿಸುವುದು ನ್ಯಾಯವಲ್ಲ. ಮಾಲಕನಿಗೆ ಆ ಬೇಡಿಕೆಯ ಬಗ್ಗೆ ನಿಜವಾದ ಸಂಶಯವಿದ್ದರೆ ಹೇಳಿಕೊಳ್ಳಲಿ.

ಆದರೆ ಸಹಿ ತನ್ನದೇ, ಬಾಕಿಯೂ ತನ್ನದೇ ಎಂದು ಬಲ್ಲವನು ಅರ್ಜಿ ಬಿದ್ದುಹೋಗಲೆಂದೇ ಹಕ್ಕನ್ನು ಅಲ್ಲಗಳೆದರೆ? ಅವನು ಮೊಕದ್ದಮೆ ಗೆಲ್ಲಬಹುದು. ಆದರೆ ‘ನನಗೆ ಅಧಿಕಾರವಿಲ್ಲ’ ಎಂದ ನ್ಯಾಯಾಲಯವು ‘ನೀನು ಕೂಲಿ ಕೊಡಬೇಕಾಗಿಲ್ಲ’ ಎಂದು ಹೇಳಿಲ್ಲ. ಆ ತಾಯಿ ಇನ್ನೊಂದು ಬಾಗಿಲಿಗೆ ಅಲೆಯುವ ಪ್ರತಿಯೊಂದು ದಿನವೂ ಅವನ ಸಾಲ ಹಾಗೆಯೇ ಇರುತ್ತದೆ.

ವಾದಚಾತುರ್ಯದಿಂದ ತನ್ನ ತೀರ್ಪನ್ನೇ ಗೆದ್ದುಕೊಂಡರೂ ಸಹೋದರನ ಹಕ್ಕನ್ನು ತೆಗೆದುಕೊಂಡವನು ನರಕದ ತುಂಡನ್ನೇ ತೆಗೆದುಕೊಂಡಂತೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಪೂರ್ತಿ ದುಡಿಸಿ ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಅಲ್ಲಿ ವ್ಯಾಪ್ತಿಯ ಆಕ್ಷೇಪ ಎತ್ತುವವರಾರು?

ನಮ್ಮಲ್ಲಿ ಕೂಲಿ ಪಡೆಯುವವರೂ ಇದ್ದಾರೆ, ಕೊಡುವವರೂ ಇದ್ದಾರೆ. ಪಡೆಯುವವರು ಒಪ್ಪಂದದ ಪ್ರತಿ ಮತ್ತು ಲೆಕ್ಕದ ಪುಸ್ತಕವನ್ನು ಜೋಪಾನವಾಗಿಡಲಿ. ಸಲ್ಲದ ಒಂದು ರೂಪಾಯಿಯನ್ನೂ ಕೇಳದಿರಲಿ. ಅರ್ಜಿ ಹಾಕುವ ಮೊದಲು ಹಣದ ಮೊತ್ತದ ಬಗ್ಗೆ ತಕರಾರೋ ಹಕ್ಕಿನ ಬಗ್ಗೆಯೋ ಎಂದು ತಿಳಿದವರಲ್ಲಿ ವಿಚಾರಿಸಲಿ. ಕೊಡುವವರು ವಕೀಲರನ್ನು ಕಾಣುವ ಮೊದಲು ಏಕಾಂತದಲ್ಲಿ ತಮ್ಮನ್ನೇ ಕೇಳಿಕೊಳ್ಳಲಿ: ‘ಈ ಹಣ ನನ್ನದೇ?’ ಅಲ್ಲವೆಂದಾದರೆ ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಬೇಕಾಗಿಲ್ಲ. ಇಂದೇ ಕೊಟ್ಟುಬಿಡಿ.