ಇಂದಿನ ಧಮ್ಮಚಿಂತನೆ: ಹೊಲಸು ಯಾವುದು?



ಮುಂಬೈಯ ಮಾಟುಂಗಾದಲ್ಲಿ ಸಮಾಜ ದೂರವಿಟ್ಟ ಕುಷ್ಠರೋಗಿಗಳ ಆಶ್ರಯಧಾಮವಿತ್ತು. 1897ರಲ್ಲಿ ಅಲ್ಲಿನ ಮಲವನ್ನು ತೊಟ್ಟಿಯಲ್ಲಿ ಕೊಳೆಸಿ, ಬಂದ ಅನಿಲವನ್ನು ದೀಪಕ್ಕೆ ಬಳಸಿದರು. ನಮ್ಮ ಗೋಬರ್ ಗ್ಯಾಸ್ ಕೂಡ ಹೀಗೆಯೇ: ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸಗಣಿ, ಮುಸುರೆಯನ್ನು ಕೊಳೆಸಿದಾಗ ಮೀಥೇನ್ ಹುಟ್ಟುತ್ತದೆ, ಒಲೆ ಉರಿಯುತ್ತದೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

ಕಾರಣ ಬದಲಾದರೆ ಫಲವೂ ಬದಲು, ಇದೇ ಪ್ರತೀತ್ಯಸಮುತ್ಪಾದ. ಸಗಣಿಯಲ್ಲೇ ಶಾಶ್ವತ ಹೊಲಸು ಇಲ್ಲವೆಂದ ಮೇಲೆ, ಮನುಷ್ಯನ ಹುಟ್ಟಿನಲ್ಲಿ ಮೈಲಿಗೆ ಎಲ್ಲಿಂದ ಬಂತು? ಕಸ ಗುಡಿಸುವ ಸುನೀತ, ಕುಷ್ಠರೋಗಿ ಸುಪ್ರಬುದ್ಧ ಇಬ್ಬರಿಗೂ ಬುದ್ಧರು ಧಮ್ಮ ನೀಡಿದ್ದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬರೆದಿದ್ದಾರೆ.

ಒಂದು ಎಚ್ಚರ: ಸಗಣಿ ಹೊರಲು ನಮ್ಮವರು, ಗ್ಯಾಸ್ ಉರಿಸಲು ಬೇರೆಯವರು ಎಂದಾದರೆ ಅದು ಧಮ್ಮವಲ್ಲ. ಒಲೆ ಹಚ್ಚುವ ಕೈಯೇ ಸಗಣಿ ಕಲಸಲಿ.

ಭವತು ಸಬ್ಬ ಮಂಗಲಂ.