ಈ ಹುಳಿ ಯಾರದು?

ಪುಣೆಯಲ್ಲಿರುವ ನನ್ನ ತಮ್ಮನ ಮಗಳು ಒಂದು ಪುಸ್ತಕ ಬರೆಯುತ್ತಿದ್ದಾಳೆ. ಹಳೆಯ ಮೈಸೂರು ಸೀಮೆಯ ಮನೆಗಳ ಅಡುಗೆ, ಅದರ ಹಿಂದಿನ ಕಥೆ, ಹಬ್ಬಹರಿದಿನಗಳ ವಿವರ ಎಲ್ಲವೂ ಅದರಲ್ಲಿ ಇರುತ್ತದಂತೆ. ಈಗ ಇಂಥ ಪುಸ್ತಕಗಳ ಕಾಲ. ಅಂಗಡಿಗೆ ಹೋದರೆ ಕೊಡಗು, ಚೆಟ್ಟಿನಾಡು, ಮಲಬಾರು, ಕಾಶ್ಮೀರ ಎಂದು ಒಂದೊಂದು ನಾಡಿನ ಅಡುಗೆಗೂ ಒಂದೊಂದು ದಪ್ಪ ಸಂಪುಟ. ಅವು ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಮುಗಿಸುವುದಿಲ್ಲ. ಜೊತೆಗೆ ಇತಿಹಾಸವನ್ನೂ ಬಡಿಸುತ್ತವೆ. ನನಗೆ ಸಂತೋಷವೇ. ತಿಂದು ಅರಗಿಸಿಕೊಳ್ಳಲಾರದ ವಯಸ್ಸಿನಲ್ಲಿ ಓದಿಯಾದರೂ ತೃಪ್ತಿಪಡಬಹುದಷ್ಟೆ.

ಆ ಹುಡುಗಿ ಮೊನ್ನೆ ಫೋನು ಮಾಡಿ, “ದೊಡ್ಡಪ್ಪ, ನಮ್ಮನೆ ಬಾಳೆಕಾಯಿ ಹುಳಿ ಇದೆಯಲ್ಲ, ಅದನ್ನ ‘ನಮ್ಮ ಅಜ್ಜಿಯ ಹುಳಿ’ ಅಂತ ಹಾಕ್ತೀನಿ. ಸರಿ ತಾನೆ?” ಎಂದಳು. ಹೂಂ ಎಂದುಬಿಡಬಹುದಾಗಿತ್ತು. ಆದರೆ ಆ ಹುಳಿ ನನ್ನ ತಾಯಿಯದಲ್ಲ. ತಾಯಿ ಅದನ್ನು ಕಲಿತದ್ದು ನಮ್ಮ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಒಬ್ಬ ಹೆಂಗಸಿನಿಂದ.

ದೂರದ ಸಂಬಂಧ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ಯಾರ ಮನೆಯಲ್ಲಾದರೂ ಒಲೆಯ ಮುಂದೆ ಕೂರಬೇಕಾಗಿದ್ದ ಸಾವಿರಾರು ಹೆಂಗಸರಲ್ಲಿ ಒಬ್ಬರು. ನಾವು ಅವರನ್ನು ಅತ್ತೆ ಎನ್ನುತ್ತಿದ್ದೆವು. ದೇವರ ನೈವೇದ್ಯವಾಗುವುದಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಆದ್ದರಿಂದ ಅವರು ಹುಳಿ ಕುದಿಯುವಾಗ ಬರುವ ವಾಸನೆಯಿಂದಲೇ ಉಪ್ಪು ಸಾಲದೆಂದು ಹೇಳುತ್ತಿದ್ದರು. ಅವರಿಗೆ ದಿನಕ್ಕೆ ಒಂದೇ ಊಟ. ರಾತ್ರಿ ನಮಗೆಲ್ಲ ಬಡಿಸಿ, ತಾವು ಒಂದಿಷ್ಟು ಅವಲಕ್ಕಿಯನ್ನೋ ಹಣ್ಣನ್ನೋ ತಿಂದು ಮಲಗುತ್ತಿದ್ದರು. ತಾವು ಉಣ್ಣದ ಅಡುಗೆಯನ್ನು ಇಪ್ಪತ್ತು ವರ್ಷ ಅಷ್ಟು ರುಚಿಯಾಗಿ ಹೇಗೆ ಮಾಡಿದರೆಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಹುಡುಗಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಅದು ನಮ್ಮನೇದೇ ಅಲ್ವಾ ದೊಡ್ಡಪ್ಪ?” ಎಂದು ಕೇಳಿದಳು. ನನ್ನನ್ನು ಹಿಡಿದಿರುವ ಪ್ರಶ್ನೆ ಅದೇ. ಒಂದು ಅಡುಗೆ ಉಂಡವರದೋ, ಮಾಡಿದವರದೋ, ಬರೆದಿಟ್ಟವರದೋ?

ಬರೆದಿಟ್ಟವರನ್ನೇ ಮೊದಲು ವಿಚಾರಿಸೋಣ. ಕನ್ನಡದವರಾದ ನಮಗೆ ಈ ವಿಷಯದಲ್ಲಿ ಬಡತನವಿಲ್ಲ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವ, ಮಳೆ ತಿಳಿಯುವ ಕ್ರಮಗಳ ಜೊತೆಗೆ ಅಡುಗೆಗೂ ಜಾಗ ಕೊಟ್ಟಿದ್ದಾನೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂದು ಒಂದು ಭಾಗವನ್ನೇ ಸಂಸ್ಕೃತದಲ್ಲಿ ಬರೆಸಿದ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನೆಂಬ ಜೈನ ಕವಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದ. ಬದನೆಕಾಯಿಯ ಬಗೆಗಳನ್ನು ಛಂದಸ್ಸು ತಪ್ಪದಂತೆ ಹೇಳಿದ ಕವಿ ಬೇರೆ ಯಾವ ಭಾಷೆಗೆ ಸಿಕ್ಕಿದ್ದಾನೋ!

ಈ ಪುಸ್ತಕಗಳನ್ನು ನೋಡಿದರೆ ನಮ್ಮ ‘ಸಂಪ್ರದಾಯ’ದ ಜಂಬ ಸ್ವಲ್ಪ ಇಳಿಯುತ್ತದೆ. ಚಾವುಂಡರಾಯನ ಇಡ್ಡಲಿಗೆಯಲ್ಲಿ ಅಕ್ಕಿಯೇ ಇಲ್ಲ. ಮಜ್ಜಿಗೆಯಲ್ಲಿ ನೆನೆದ ಉದ್ದನ್ನು ಅರೆದು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಿ ಮಾಡಿದ್ದು. ಮಂಗರಸನ ಪಾಕದಲ್ಲೆಲ್ಲೂ ಮೆಣಸಿನಕಾಯಿ ಇಲ್ಲ. ಇರುವುದು ಹೇಗೆ? ಅದು ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಈ ಕಡೆಗೆ ಬಂದದ್ದು. ಖಾರವೆಂದರೆ ನಮಗೆ ಆಗ ಗೊತ್ತಿದ್ದದ್ದು ಬಳ್ಳಿಯ ಮೆಣಸು. ಹೊಸದಾಗಿ ಬಂದ ಕಾಯಿಗೆ ಅದರ ಹೆಸರನ್ನೇ ತಗುಲಿಸಿದೆವು. ಕೊನೆಗೆ ಹೊಸಬನೇ ಮನೆಯ ಯಜಮಾನನಾಗಿ, ಹಳೆಯ ಮೆಣಸು ತನ್ನ ಗುರುತಿಗಾಗಿ ‘ಕಾಳುಮೆಣಸು’ ಎಂದು ಹೇಳಿಕೊಳ್ಳಬೇಕಾಯಿತು. ಶ್ರಾದ್ಧದ ದಿನದ ಅಡುಗೆಮನೆ ಮಾತ್ರ ಇದನ್ನು ಮರೆತಿಲ್ಲ. ಮಡಿವಂತರ ಮನೆಗಳಲ್ಲಿ ಅಂದು ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಒಂದೂ ಒಳಗೆ ಬರುವಂತಿಲ್ಲ. ಪಿತೃಗಳು ತಮಗೆ ಗೊತ್ತಿಲ್ಲದ್ದನ್ನು ತಿನ್ನುವುದಿಲ್ಲವೆಂದು ಕಾಣುತ್ತದೆ. ನಮ್ಮ ಅತ್ತೆಯ ಬಾಳೆಕಾಯಿ ಹುಳಿಯೂ ಅಂಥದೇ. ಅದಕ್ಕೆ ಕಾಳುಮೆಣಸೊಂದೇ ಖಾರ. ಓದು ಬಾರದ ಆಕೆ ಮಂಗರಸನ ಕಾಲದ ರುಚಿಯೊಂದನ್ನು ಕೈಯಲ್ಲೇ ಕಾಪಾಡಿಕೊಂಡು ಬಂದಿದ್ದರು.

ಆದರೆ ಈ ಗ್ರಂಥಗಳಲ್ಲಿ ಯಾವ ಅಡುಗೆಯವನ ಹೆಸರಿದೆ? ರಾಜ ಉಂಡ, ಪಂಡಿತ ಬರೆದ, ಒಲೆ ಊದಿದವನು ಹೊಗೆಯಲ್ಲೇ ಉಳಿದ. ಪಾಕವನ್ನು ಲೇಖಕ ತಾನೇ ಕಂಡುಹಿಡಿದನೆಂದು ಯಾರೂ ನಂಬಲಾರರು. ಇನ್ನೊಂದು ಸಂಗತಿ. ‘ಮಾನಸೋಲ್ಲಾಸ’ದಲ್ಲಿ ಹೊಲದ ಇಲಿಯನ್ನು ಸುಟ್ಟು ಹದಮಾಡುವ ಕ್ರಮವೂ ಇದೆ. ರಾಜನ ತಟ್ಟೆಯಲ್ಲಿದ್ದಾಗ ಅದು ಭೋಗ. ಬಡವನ ತಟ್ಟೆಯಲ್ಲಿದ್ದಾಗ ಅದೇ ಅವನನ್ನು ದೂರವಿಡುವುದಕ್ಕೆ ಕಾರಣ. ಪದಾರ್ಥ ಬದಲಾಗಲಿಲ್ಲ, ಲೇಖನಿ ಯಾರ ಪಕ್ಕದಲ್ಲಿ ಕುಳಿತಿತ್ತೆಂಬುದು ಬದಲಾಯಿತು.

ಇದನ್ನು ನಮ್ಮ ಕಾಲದಲ್ಲಿ ಖಡಾಖಂಡಿತವಾಗಿ ಹೇಳಿದವರು ಮರಾಠಿಯ ಶಾಹು ಪಾಟೋಳೆ. ‘ಅನ್ನವೇ ಪೂರ್ಣಬ್ರಹ್ಮ’ ಎಂದು ಮಹಾರಾಷ್ಟ್ರದ ಊಟದ ಮನೆಗಳಲ್ಲಿ ಹೇಳುತ್ತಾರಲ್ಲ, ಅದನ್ನೇ ತಿರುಗಿಸಿ 2015ರಲ್ಲಿ ಅವರು ತಮ್ಮ ಪುಸ್ತಕಕ್ಕೆ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂದು ಹೆಸರಿಟ್ಟರು. ಮರಾಠವಾಡದ ಮಹಾರ್ ಮತ್ತು ಮಾಂಗ್ ಜನರ ಅಡುಗೆಯ ಪುಸ್ತಕ ಅದು. 2024ರಲ್ಲಿ ಇಂಗ್ಲಿಷಿಗೂ ಬಂದಿದೆ. ತುಪ್ಪ, ಹಾಲು ಅಪರೂಪವಾದ ಮನೆಗಳಲ್ಲಿ ಏನನ್ನು ಬೇಯಿಸಿದರು, ಮಾಂಸವನ್ನು ಹೇಗೆ ಒಣಗಿಸಿ ಕಾಲಕ್ಕೆ ಇಟ್ಟುಕೊಂಡರು ಎಂಬ ವಿವರಗಳಿವೆ. ಓದುವಾಗ ನನ್ನಂಥ ಸೊಪ್ಪುತಿನ್ನುವವನಿಗೆ ಕಸಿವಿಸಿಯಾಗದೆ ಇರಲಿಲ್ಲ. ‘ನಾಡಿನ ಅಡುಗೆ’ ಎಂದು ಹೆಸರಿಟ್ಟು ನಮ್ಮ ನಾಲ್ಕು ಬೀದಿಯ ಅಡುಗೆಯನ್ನಷ್ಟೇ ಬರೆದಾಗ ಆ ಜನರಿಗೆ ಎಷ್ಟು ಕಸಿವಿಸಿಯಾಗಿರಬೇಕು!

ಹಾಗಾದರೆ ಬರೆಯುವುದೇ ತಪ್ಪೆ? ಹಾಗೆನ್ನಲಾರೆ. ಪಾಕವನ್ನು ಬಚ್ಚಿಟ್ಟುಕೊಂಡು, ಕೇಳಿದವರಿಗೆ ಒಂದು ಸಾಮಾನು ಬಿಟ್ಟು ಹೇಳುವ ಜಿಪುಣರನ್ನೂ ನಾನು ಕಂಡಿದ್ದೇನೆ. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅಂಥವರಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಆಕೆ, ನೆಂಟರಿಷ್ಟರು ಕೇಳಿದಾಗಲೆಲ್ಲ ಪಾಕಗಳನ್ನು ಬರೆದುಕೊಡುತ್ತಿದ್ದರು. ಅದನ್ನು ಕಂಡ ಹಿರಿಯರೊಬ್ಬರ ಮಾತಿನಂತೆ 1951ರಲ್ಲಿ ‘ಸಮೈತ್ತುಪ್ಪಾರ್’ ಎಂಬ ತಮಿಳು ಪುಸ್ತಕವನ್ನು ತಾವೇ ಅಚ್ಚುಹಾಕಿಸಿದರು. ಎಷ್ಟೋ ನವವಧುಗಳು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗಂಡನ ಮನೆಗೆ, ಕಡಲಾಚೆಗೆ ಹೋದರು. ನನಗೆ ಮುಖ್ಯವಾಗಿ ಕಾಣುವುದು ಅದಲ್ಲ. ನಮ್ಮ ಅತ್ತೆಯಂಥದೇ ವಿಧಿ ಬಂದ ಹೆಂಗಸೊಬ್ಬಳು, ತನ್ನ ಕೈಯ ಅಡುಗೆಯ ಮೇಲೆ ತನ್ನ ಹೆಸರನ್ನೇ ಅಚ್ಚುಮಾಡಿಸಿದ್ದು. ಇಬ್ಬರ ನಡುವೆ ಇದ್ದದ್ದು ಒಂದಿಷ್ಟು ಅಕ್ಷರ, ಒಂದಿಷ್ಟು ದುಡ್ಡು, ಬರೆ ಎಂದು ಹೇಳಿದ ಒಬ್ಬ ಮನುಷ್ಯ. ನಮ್ಮ ಮನೆಯಲ್ಲಿ ಅಕ್ಷರ ಬಲ್ಲವರು ಏಳು ಜನವಿದ್ದೆವು.

ಹುಳಿ ನಮ್ಮ ಮನೆಯದೇ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಅಕ್ಕಿಬೇಳೆ ನಮ್ಮದು, ಒಲೆ ನಮ್ಮದು. ಆಕೆಗೂ ಅದನ್ನು ಹಿಂದೆ ಯಾರೋ ಕಲಿಸಿರಬೇಕು; ಹಾಗೆ ಹುಡುಕುತ್ತ ಹೋದರೆ ಮೂಲ ಸಿಕ್ಕುವುದಿಲ್ಲ. ಆದರೆ ಮೂಲ ಸಿಕ್ಕುವುದಿಲ್ಲವೆಂದು ಕಣ್ಣೆದುರಿಗಿದ್ದ ಸಾಲವನ್ನು ಅಲ್ಲಗಳೆಯುವುದು ಲೇವಾದೇವಿಯಲ್ಲಿ ನಡೆಯುವುದಿಲ್ಲ, ಅಡುಗೆಯಲ್ಲಿ ಏಕೆ ನಡೆಯಬೇಕು? ಆಕೆಗೆ ನಾವು ಸಂಬಳ ಕೊಡಲಿಲ್ಲ, ನೆಂಟರಲ್ಲವೆ ಎಂದೆವು. ಈಗ ಪುಸ್ತಕದಲ್ಲಿ ಹೆಸರು ಹಾಕಬೇಕೆಂದಾಗ ‘ಅಜ್ಜಿಯ ಹುಳಿ’ ಎನ್ನಲು ಹೊರಟಿದ್ದೇವೆ.

“ಸರಿ, ಅವರ ಹೆಸರೇ ಹಾಕ್ತೀನಿ, ಹೇಳಿ” ಎಂದಳು ಹುಡುಗಿ. ನನಗೆ ಹೆಸರು ಗೊತ್ತಿರಲಿಲ್ಲ. ಅತ್ತೆ ಎಂದರೆ ಅತ್ತೆ. ಮೈಸೂರಿನಲ್ಲಿರುವ ನಮ್ಮ ಅಕ್ಕನಿಗೆ ಈಗ ಎಂಬತ್ತನಾಲ್ಕು. ಕೇಳಿದೆ. ಅಕ್ಕ ಬಾಳೆಕಾಯಿಯನ್ನು ಎಷ್ಟು ದಪ್ಪ ಹೆಚ್ಚಬೇಕು, ಮೆಣಸನ್ನು ಯಾವ ಹೊತ್ತಿಗೆ ಹುರಿಯಬೇಕು, ಎಲ್ಲವನ್ನೂ ತಡೆಯಿಲ್ಲದೆ ಹೇಳಿದಳು. ಹೆಸರಿಗೆ ಬಂದಾಗ ಬಹಳ ಹೊತ್ತು ಯೋಚಿಸಿ, “ಅಪ್ಪನನ್ನ ಕೇಳಿಟ್ಟುಕೊಳ್ಳಬೇಕಾಗಿತ್ತು ಕಣೋ” ಎಂದಳು.

ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಎರಡು ತಿಂಗಳಿದೆಯಂತೆ. ಅತ್ತೆಯ ತೌರೂರಿನ ಕಡೆಯವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸುತ್ತಿದ್ದೇನೆ.